ನುಂಗಿಹೋದ ಮಾತು

ಸುಕನ್ಯಾ ಏನು ಕೆಲಸ ಮಾಡುತ್ತಾಳೆಂದು ಯಾರಾದರೂ ಕೇಳಿದರೆ ಅವಳ ತಾಯಿ ಸರೋಜಮ್ಮ ಹೇಳುತ್ತಿದ್ದುದು ಒಂದೇ ಮಾತು: "ಕಂಪ್ಯೂಟರಿಗೆ ಕೆಲ್ಸ ಹೇಳಿಕೊಟ್ಟು, ಅದು ಮಾಡೋದನ್ನ ಇವಳು ಕೂತ್ಕೊಂಡು ನೋಡ್ತಾಳೆ."

ಅದೇನೂ ಪೂರಾ ಸುಳ್ಳಲ್ಲ. ಮೀನಂಗಡಿ ಎಂಬ ಪೇಟೆಯಲ್ಲಿ, ಕಾಳುಮೆಣಸು ಕೊಳ್ಳುವ ಅಂಗಡಿಯೊಂದರ ಮಹಡಿಯ ಮೇಲೆ ಅವಳ ಕಚೇರಿ. ಐದಾರು ಜನ ಕೂರುವಷ್ಟು ಜಾಗ, ಕೆಳಗಿನಿಂದ ಸದಾ ಮೆಣಸಿನ ಘಾಟು. ಹೊರದೇಶದವರು ತಯಾರಿಸುವ ಒಂದು ಬ್ರೌಸರ್ ಲಿನಕ್ಸ್ ಎಂಬ ವ್ಯವಸ್ಥೆಯ ಕಂಪ್ಯೂಟರುಗಳಲ್ಲಿ ಸರಿಯಾಗಿ ನಡೆಯುತ್ತದೆಯೋ ಇಲ್ಲವೋ ನೋಡಿ ಹೇಳುವುದು ಅಲ್ಲಿಯವರ ಕಸುಬು. ಪ್ರತಿ ಸಲ ಹೊಸದು ಬಂದಾಗಲೂ ಮನುಷ್ಯರೇ ಕೂತು ಒಂದೊಂದನ್ನೂ ಒತ್ತಿ ನೋಡುತ್ತೇವೆಂದರೆ ಮುಗಿಯುವ ಕೆಲಸವಲ್ಲ. ಹಾಗಾಗಿ ಸುಕನ್ಯಾ ಪರೀಕ್ಷೆಗಳನ್ನು ಬರೆದಿಡುತ್ತಿದ್ದಳು. ಬ್ರೌಸರ್ ತೆರೆ, ಈ ಪುಟಕ್ಕೆ ಹೋಗು, ಇಲ್ಲಿ ಒತ್ತು, ಇದನ್ನು ಬರೆ, ಬಂದದ್ದು ಸರಿಯೇ ನೋಡು, ಮುಚ್ಚು. ಮುಂದಿನದೆಲ್ಲ ಯಂತ್ರದ್ದೇ. ಸರಿಯಿದ್ದರೆ ಹಸಿರು ಸಾಲು, ತಪ್ಪಿದ್ದರೆ ಕೆಂಪು.

ವಾರದಲ್ಲಿ ಎರಡು ದಿನ ಅವಳು ಪೆರಿಕಲ್ಲೂರಿನ ಮನೆಯ ಜಗಲಿಯಲ್ಲೇ ಕೂತು ಕೆಲಸ ಮಾಡುತ್ತಿದ್ದಳು. ಯಾರೂ ಮುಟ್ಟದೆ ಬಾಣದ ಗುರುತು ಅತ್ತಿಂದಿತ್ತ ಓಡಾಡುವುದನ್ನು, ಕಿಟಕಿಗಳು ತಾವೇ ತೆರೆದು ತಾವೇ ಮುಚ್ಚಿಕೊಳ್ಳುವುದನ್ನು ಸರೋಜಮ್ಮ ಬಾಗಿಲಲ್ಲಿ ನಿಂತು ನೋಡುವಳು. "ಮೈಮೇಲೆ ಬಂದಂಗೆ ಆಡ್ತದಲ್ಲೇ ಇದು," ಎಂದು ಒಳಗೆ ಹೋಗುವಳು.

ಒಳಗಿನ ಕೋಣೆಯಲ್ಲಿ ಇನ್ನೊಂದು ಕಂಪ್ಯೂಟರ್. ಅದು ಸುಕನ್ಯಾಳ ಅಣ್ಣ ಭರತನದು. ಅದರ ಸ್ಕ್ರೀನು ಮಾತ್ರ ಯಾವಾಗಲೂ ಆರಿಯೇ ಇರುತ್ತಿತ್ತು, ಏಕೆಂದರೆ ಭರತನಿಗೆ ಕಣ್ಣು ಕಾಣುತ್ತಿರಲಿಲ್ಲ.

ಹುಟ್ಟಿನಿಂದ ಹಾಗೇನೂ ಅಲ್ಲ. ಅವನು ಪುಲ್ಪಳ್ಳಿಗೂ ಪೆರಿಕಲ್ಲೂರಿಗೂ ನಡುವೆ ಜನರನ್ನು ಕೂರಿಸಿಕೊಂಡು ಟ್ರಿಪ್ ಜೀಪು ಓಡಿಸುತ್ತಿದ್ದವನು. ಮೊದಲು ಮಂಕಾದದ್ದು ಸಂಜೆಯ ಹೊತ್ತು. ಅಂಗಳಕ್ಕೆ ಇಳಿಯುವಾಗ ಎಡವಿದರೆ ಸರೋಜಮ್ಮ ಹೇಳುತ್ತಿದ್ದಳು: "ಇವತ್ತು ಕತ್ಲೆ ಜಾಸ್ತಿ ಕಣೋ, ನಂಗೂ ಏನೂ ಕಾಣ್ತಿಲ್ಲ." ಮಗನ ಸಮಾಧಾನಕ್ಕೆ ಆಡಿದ ಮಾತು. ಭರತ್ ಅದನ್ನು ನಂಬಿದ, ನಂಬುವುದೇ ಅವನಿಗೂ ಬೇಕಾಗಿತ್ತು. ಒಂದು ಸಂಜೆ ಜೀಪಿನ ತುಂಬ ಜನ ಕೂತಿದ್ದಾಗ ರಸ್ತೆಯ ಅಂಚು ಎಲ್ಲಿದೆಯೆಂದೇ ತಿಳಿಯಲಿಲ್ಲ. ನಿಲ್ಲಿಸಿ, ಕೀ ತೆಗೆದು, ಓಡಿಸಲು ಬರುತ್ತಿದ್ದ ಒಬ್ಬ ಪ್ರಯಾಣಿಕನ ಕೈಗೆ ಕೊಟ್ಟು ಹಿಂದಿನ ಸೀಟಿನಲ್ಲಿ ಕೂತುಬಿಟ್ಟ. ಅವತ್ತಿಗೆ ಸ್ಟೇರಿಂಗ್ ಹಿಡಿಯುವುದು ಮುಗಿಯಿತು. ಮುಂದಿನ ಕೆಲವು ವರ್ಷಗಳಲ್ಲಿ ಹಗಲೂ ಹೋಯಿತು. ತೋರಿಸಿದಾಗ ಕೋಳಿಕ್ಕೋಡಿನ ಡಾಕ್ಟರು ಇನ್ನೂ ಒಂದು ಮಾತು ಸೇರಿಸಿದ್ದರು. ಈ ಕಾಯಿಲೆಯಲ್ಲಿ ಕೆಲವರಿಗೆ ಕಿವಿಯೂ ನಿಧಾನವಾಗಿ ಕಡಿಮೆಯಾಗುವುದುಂಟು, ಎಲ್ಲರಿಗೂ ಅಲ್ಲ, ವರ್ಷಕ್ಕೊಮ್ಮೆ ಬಂದು ನೋಡಿಸಿಕೊಳ್ಳಿ ಎಂದು.

ಆಮೇಲೆ ಭರತ್ ಕಂಪ್ಯೂಟರ್ ಕಲಿತ. ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಪರದೆಯ ಮೇಲೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಮೂಗಿನಲ್ಲಿ ಮಾತಾಡುವ, ಉಸಿರನ್ನೇ ಎಳೆದುಕೊಳ್ಳದ ದನಿ. ಅದನ್ನೇ ಕೇಳಿ ಕೇಳಿ ಅವನು ಬೇರೆಯವರಿಗೆ ಅರ್ಥವಾಗದಷ್ಟು ವೇಗವಾಗಿ ಓದಿಸಿಕೊಳ್ಳುವಂತಾದ. ಮೈಸೂರಿನ ಒಂದು ಭಾಷಾ ಬಳಗದವರು ಬಾವಲಿಯಿಂದ ಪೆರಿಕಲ್ಲೂರಿನವರೆಗೆ ಕನ್ನಡ ಮಲಯಾಳಗಳ ಗಡಿಯ ಮುದುಕ ಮುದುಕಿಯರ ಮಾತನ್ನು ಧ್ವನಿಮುದ್ರಣ ಮಾಡಿಕೊಂಡಿದ್ದರು. ಅದನ್ನು ಕೇಳಿ ಟೈಪ್ ಮಾಡುವ ಕೆಲಸ ಅವನಿಗೆ ಸಿಕ್ಕಿತು. ಮಾಡಿದ್ದನ್ನು ಬ್ರೌಸರಿನಲ್ಲಿ ಅವರ ಪುಟಕ್ಕೆ ಹಾಕಬೇಕು. ಗಡಿಯ ಹೊಳೆ ದಾಟಿ ಆಚೆ ಕಡೆ ಸರಗೂರಿನಲ್ಲಿ ಕೂತು ಹೇಮಾ ಎಂಬವಳು ಅದನ್ನು ತಿದ್ದುತ್ತಿದ್ದಳು. ಅದೇ ಪುಟದ ಪಕ್ಕದಲ್ಲಿ ಇಬ್ಬರೂ ಬರೆದು ಮಾತಾಡಿಕೊಳ್ಳಲು ಒಂದು ಜಾಗವಿತ್ತು.

ಹೇಮಾಳ ಪರಿಚಯವಾದದ್ದು ಒಂದು ತಪ್ಪು ತಿಳಿವಳಿಕೆಯಿಂದ. ಬಾವಲಿಯ ಅಜ್ಜಿಯೊಬ್ಬಳು "ನನ್ನ ಮೋಳು ಅಕ್ಕರೆ ಹೋದ್ಲು" ಎಂದಿದ್ದಳು. ಭರತ್ ಹಾಗೆಯೇ ಟೈಪ್ ಮಾಡಿದ್ದ.

'ಅಕ್ಕರೆ ಹೋಯ್ತು ಅಂತಾಗ್ಬೇಕಲ್ವಾ? ಪ್ರೀತಿ ಹೋಯ್ತು ಅಂತ?' ಎಂದು ಹೇಮಾ ಬರೆದಳು.

'ಅಲ್ಲ ಮೇಡಂ. ಮಲಯಾಳದಲ್ಲಿ ಅಕ್ಕರೆ ಅಂದರೆ ಹೊಳೆಯ ಆಚೆ ದಡ. ಮೋಳು ಅಂದರೆ ಮಗಳು, ಅವಳನ್ನ ನಿಮ್ಮ ಕಡೆಗೆ ಕೊಟ್ಟಿದ್ದಾರೆ.'

ಆಮೇಲೆ ಸ್ಕ್ರೀನ್ ರೀಡರ್ ಮೂಗಿನಲ್ಲಿ ಓದಿತು: 'ಹಾಗಾದ್ರೆ ಆ ಹುಡುಗಿಗೆ ನಾವೇ ಅಕ್ಕರೆ ಆದ್ವಿ.'

ಭರತ್ ಅವತ್ತು ಊಟಕ್ಕೆ ಕೂತಾಗಲೂ ನಗುತ್ತಿದ್ದ. ಮೇಡಂ ಎನ್ನುವುದು ಒಂದು ವಾರದಲ್ಲಿ ಬಿಟ್ಟುಹೋಯಿತು. ಟೈಪ್ ಮಾಡುವ ಕೆಲಸ ಮುಗಿದ ಮೇಲೂ ಅವನ ಕೋಣೆಯಿಂದ ಕೀಲಿಗಳ ಸದ್ದು ಬರುತ್ತಲೇ ಇರುತ್ತಿತ್ತು. ಸುಕನ್ಯಾ ಏನೂ ಕೇಳಲಿಲ್ಲ. ಸರೋಜಮ್ಮ ಒಮ್ಮೆ "ಸರಗೂರಲ್ಲಿ ಅವರ ಮನೆ ಎಲ್ಲಂತೆ?" ಎಂದಳು, ಅಷ್ಟೇ.

ದೀಪಾವಳಿ ಕಳೆದ ಮೇಲೆ ಯಾಕೋ ಭರತ್ ಬದಲಾದ.

ಮೊದಲು ಸುಕನ್ಯಾಳ ಗಮನಕ್ಕೆ ಬಂದದ್ದು ಸದ್ದು. ಅವನ ಸ್ಪೀಕರು ಜಗಲಿಗೆ ಮಾತ್ರವಲ್ಲ, ಅಂಗಳ ದಾಟಿ ರಸ್ತೆಗೂ ಕೇಳುವಷ್ಟು ಜೋರಾಯಿತು. ಊಟಕ್ಕೆ ಕೂತರೆ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿಕೊಳ್ಳುವನು. ಯಾರು ಏನು ಹೇಳಿದರೂ "ಹೂಂ" ಎಂದು ತಲೆಯಾಡಿಸುವನು. ಒಂದು ದಿನ ಸರೋಜಮ್ಮ "ಸಾರು ಸಾಕಾ, ಇನ್ನೂ ಬೇಕಾ?" ಎಂದದ್ದಕ್ಕೂ "ಹೂಂ" ಎಂದ. ಕೀಲಿಗಳ ಸದ್ದು ಕಡಿಮೆಯಾಯಿತು. ಕೆಲಸ ಮುಗಿದ ಕೂಡಲೇ ಕಂಪ್ಯೂಟರ್ ಆರಿಸಿ ಹಿತ್ತಲಿನ ಕಲ್ಲಿನ ಮೇಲೆ ಹೋಗಿ ಕೂರತೊಡಗಿದ.

"ಆ ಹುಡ್ಗಿ ಏನಾದ್ರೂ ಅಂದ್ಲಾ?" ಎಂದು ಸರೋಜಮ್ಮ ಮಗಳ ಹತ್ತಿರ ಪಿಸುಗುಟ್ಟಿದಳು.

"ನಂಗೇನು ಗೊತ್ತವ್ವ."

ಜನವರಿಯ ಒಂದು ಮಧ್ಯಾಹ್ನ. ಅಂಗಳದ ಚಾಪೆಯ ಮೇಲೆ ಮೆಣಸು ಒಣಗುತ್ತಿತ್ತು. ಸುಕನ್ಯಾ ಅಣ್ಣನಿಗೆ ಕಾಫಿ ತೆಗೆದುಕೊಂಡು ಕೋಣೆಗೆ ಹೋದಳು. ಹಿಂದಿನ ದಿನ ಕರೆಂಟು ಹೋಗಿ ಬಂದಾಗ ಅವನ ಕಂಪ್ಯೂಟರ್ ಹಚ್ಚಿಕೊಟ್ಟವಳು ಅವಳೇ. ಸ್ಕ್ರೀನು ಆರಿಸುವುದನ್ನು ಮರೆತಿದ್ದಳು. ಲೋಟ ಇಡಲು ಬಗ್ಗಿದಾಗ ಪರದೆಯ ಮೇಲೆ ಹೇಮಾಳ ಎರಡು ಸಾಲು ಒಂದರ ಹಿಂದೊಂದು ಮೂಡಿದವು.

'ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದ್ರು.'

'ನೀವು ಕಳಿಸಿದ ಪುಟ ನೋಡಿದೆ.'

ಸ್ಪೀಕರು ಕೋಣೆ ನಡುಗುವ ಹಾಗೆ ಓದಿತು: "ನೀವು ಕಳಿಸಿದ ಪುಟ ನೋಡಿದೆ."

ಭರತ್ 'ಸರಿ' ಎಂದು ಟೈಪ್ ಮಾಡಿ ಕೈ ತೆಗೆದ.

"ಅಣ್ಣ, ಅವರಪ್ಪನ ಬಗ್ಗೆ ಏನೂ ಕೇಳಲ್ವಾ?"

"ಯಾರಪ್ಪ?"

"ಹೇಮಾ ಅವರಪ್ಪ. ಆಸ್ಪತ್ರೆಯಿಂದ ಬಂದ್ರು ಅಂತ ಈಗಷ್ಟೇ ಬರೆದ್ರಲ್ಲ."

ಭರತನ ಮುಖ ಬಾಡಿಹೋಯಿತು. ಬಾಣದ ಕೀಲಿ ಒತ್ತಿ ಮೇಲಿನ ಸಾಲಿಗೆ ಹೋದ. ಸ್ಕ್ರೀನ್ ರೀಡರ್ ಈಗ ಅದನ್ನು ಓದಿತು, ಪೂರ್ತಿಯಾಗಿ, ಸ್ಪಷ್ಟವಾಗಿ. ಅವನು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ.

"ಹೀಗೇ ಆಗ್ತಿದೆ," ಎಂದ. "ದೀಪಾವಳಿಯಿಂದ. ಅವಳು ಹೇಳಿರ್ತಾಳೆ, ನಂಗೆ ಕೇಳ್ಸಿರಲ್ಲ. ಹಿಂದಕ್ಕೆ ಹೋಗಿ ನೋಡಿದ್ರೆ ಅಲ್ಲೇ ಇರ್ತದೆ. ಅವರಪ್ಪನಿಗೆ ಹುಷಾರಿಲ್ಲ ಅಂದದ್ದೂ ಕೇಳ್ಸಲಿಲ್ಲ. ಏನೂ ಕೇಳಲೇ ಇಲ್ವಲ್ಲ ನೀವು ಅಂತ ಅವಳು ಬರೆದಾಗ ಗೊತ್ತಾಯ್ತು. ಏನಂತ ಹೇಳ್ಲಿ? ಡಾಕ್ಟ್ರು ಹೇಳಿದ್ರಲ್ಲ ಮೋಳೆ. ಕಿವಿನೂ ಹೋಗ್ತಿದೆ. ಊಟಕ್ಕೆ ಕೂತಾಗ್ಲೂ ನೀವಂದದ್ದು ಸರಿಯಾಗಿ ಕೇಳ್ತಾ ಇಲ್ವಾ ಅಂತ ಅದೇ ಯೋಚ್ನೆ," ಎಂದ.

ಕಣ್ಣು ಹೋದಾಗ ಅವನು ಇಷ್ಟು ಮೆಲ್ಲಗೆ ಮಾತಾಡಿರಲಿಲ್ಲ. ಅವನ ಕೈ ಹಿಡಿದುಕೊಳ್ಳಬೇಕೆಂದು ಹೋದ ಸುಕನ್ಯಾ ಅರ್ಧದಲ್ಲೇ ನಿಂತಳು. ಈಗ ಆದದ್ದನ್ನು ಮನಸ್ಸಿನಲ್ಲಿ ಮತ್ತೊಮ್ಮೆ ನಡೆಸಿ ನೋಡಿದಳು.

"ಅಣ್ಣ," ಎಂದಳು. "ನಂಗೂ ಕೇಳ್ಸಲಿಲ್ಲ."

ಭರತ್ ನಕ್ಕ. ಬೇಸರದ ನಗು.

"ನಿಜವಾಗ್ಲೂ ಅಣ್ಣ. ನಾನು ಕಣ್ಣಲ್ಲಿ ಓದಿದೆ, ಅಷ್ಟೇ. ಅದು ಓದಲೇ ಇಲ್ಲ."

"ಕತ್ಲೆ ಜಾಸ್ತಿ, ನಂಗೂ ಕಾಣ್ತಿಲ್ಲ ಅಂತ ಅವ್ವನೂ ಹೇಳ್ತಿದ್ಲು," ಎಂದ ಭರತ್. "ಬಿಡು. ನೀನು ಒಳ್ಳೇದಕ್ಕೇ ಹೇಳ್ತಿದ್ದೀಯ."

ಬಾಗಿಲ ಹೊರಗೆ ಮೆಣಸು ಕೈಯಾಡಿಸಿ ಬಂದು ನಿಂತಿದ್ದ ಸರೋಜಮ್ಮ ಅದನ್ನು ಕೇಳಿಸಿಕೊಂಡಳು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ನಿಂತೇ ಇದ್ದಳು.

ಸುಕನ್ಯಾ ಜಗಲಿಗೆ ಬಂದು ತನ್ನ ಕಂಪ್ಯೂಟರಿನ ಮುಂದೆ ಕೂತಳು. ಅಣ್ಣ ಬಳಸುವುದೂ ಅವಳು ಪರೀಕ್ಷೆ ಮಾಡುವ ಬ್ರೌಸರನ್ನೇ, ಲಿನಕ್ಸಿನಲ್ಲೇ. ದೀಪಾವಳಿಯ ಹೊತ್ತಿಗೆ ಬಂದ ಹೊಸ ಆವೃತ್ತಿಯನ್ನು ಅಣ್ಣನ ಯಂತ್ರಕ್ಕೆ ಹಾಕಿಕೊಟ್ಟವಳೂ ಅವಳೇ. ಬರೆದ ಸಂದೇಶ ಪರದೆಯ ಮೇಲೆ ಮೂಡುತ್ತದೆಯೇ ಎಂದು ನೋಡುವ ಪರೀಕ್ಷೆ ಅವಳಲ್ಲಿತ್ತು, ಅದು ಹಸಿರಾಗಿಯೇ ಇತ್ತು. ಮೂಡಿದ್ದನ್ನು ಸ್ಕ್ರೀನ್ ರೀಡರಿಗೆ ದಾಟಿಸಿದೆಯೇ ಎಂದು ನೋಡುವ ಪರೀಕ್ಷೆಯನ್ನು ಯಾರೂ ಬರೆದಿರಲಿಲ್ಲ. ಎರಡು ಸಂದೇಶ ಒಂದರ ಬೆನ್ನಿಗೊಂದು ಬಂದರೆ ಬ್ರೌಸರ್ ಮೊದಲನೆಯದನ್ನು ದಾರಿಯಲ್ಲೇ ಬೀಳಿಸುತ್ತಿದೆ ಎಂಬ ಅನುಮಾನ ಅವಳಿಗೆ ಬಂತು. ಹೇಮಾ ಬರೆಯುವುದೇ ಹಾಗೆ, ತುಂಡು ತುಂಡಾಗಿ, ಬಡಬಡನೆ.

ತಾನು ಹೇಳಿದರೆ ಅಣ್ಣ ನಂಬುವುದಿಲ್ಲ. ಅದರಲ್ಲಿ ಅವನ ತಪ್ಪೂ ಇಲ್ಲ. ಆದರೆ ಯಂತ್ರಕ್ಕೆ ಅವನ ಮೇಲೆ ಕನಿಕರವೇನೂ ಇಲ್ಲವಲ್ಲ.

ಬಿಸಿಲು ಇಳಿಯುವ ಮೊದಲು ಅವಳು ಹೊಸ ಪರೀಕ್ಷೆಯೊಂದನ್ನು ಬರೆದಳು. ಯಂತ್ರ ತಾನೇ ಬ್ರೌಸರ್ ತೆರೆಯುತ್ತದೆ, ಮಾತಾಡುವ ಜಾಗಕ್ಕೆ ಎರಡು ಸಂದೇಶ ಕಳಿಸುತ್ತದೆ, ಎರಡರ ನಡುವಿನ ಬಿಡುವನ್ನು ತನಗೆ ತೋಚಿದಂತೆ ಹೆಚ್ಚು ಕಡಿಮೆ ಮಾಡುತ್ತದೆ. ಬ್ರೌಸರ್ ಸ್ಕ್ರೀನ್ ರೀಡರಿಗೆ ಏನನ್ನು ದಾಟಿಸಿತು ಎಂದು ನಡುವೆ ನಿಂತು ಗುರುತಿಟ್ಟುಕೊಳ್ಳುತ್ತದೆ. ಸಂದೇಶಕ್ಕೆ ಏನು ಬರೆಯುವುದೆಂದು ಹೊಳೆಯದೆ ಅವಳು ಕಣ್ಣಿಗೆ ಕಂಡದ್ದನ್ನೇ ಬರೆದಳು. ಮೊದಲನೆಯದು 'ಅವ್ವ ಬಂದಳು', ಎರಡನೆಯದು 'ಕಾಫಿ ತಂದಳು'.

ಭರತನ ಯಂತ್ರದಲ್ಲಿ ಅದನ್ನು ಹಾಕಿ, ಏನು ಮಾಡುತ್ತದೆಂದು ವಿವರಿಸಿದಳು.

"ನೀನು ಸ್ಕ್ರೀನು ನೋಡಬಾರದು," ಎಂದ ಭರತ್. "ಆರ್ಸು ಅದನ್ನ. ಪ್ರತಿ ಸಲ ನನಗೆ ಕೇಳ್ಸಿದ್ದನ್ನ ನಾನು ಮೊದಲು ಹೇಳ್ತೀನಿ. ಯಂತ್ರ ಗುರುತು ಮಾಡಿಕೊಂಡದ್ದನ್ನ ಕೊನೇಲಿ ಸ್ಕ್ರೀನ್ ರೀಡರೇ ಓದ್ಲಿ. ನೀನು ಬಾಯಿ ಹಾಕ್ಬೇಡ."

"ಆಯ್ತು."

"ನಾನೂ ಕೂತ್ಕೋತೀನಿ," ಎಂದಳು ಬಾಗಿಲಲ್ಲಿದ್ದ ಸರೋಜಮ್ಮ. "ಕಣ್ಣು ಮುಚ್ಚಿಕೊಂಡು ಕೂತ್ಕೋತೀನಿ."

ಭರತ್ ತಾಯಿಯ ದನಿಯ ಕಡೆಗೆ ತಿರುಗಿದ. "ಸುಳ್ಳು ಹೇಳಬಾರದವ್ವ."

"ಇಲ್ಲ ಮಗ. ಇನ್ ಹೇಳಲ್ಲ."

ಸ್ಕ್ರೀನು ಆರಿತು. ಸುಕನ್ಯಾ ಕೀಲಿ ಒತ್ತಿ ಗೋಡೆಗೆ ಒರಗಿ ನಿಂತಳು. ಕೋಣೆಯಲ್ಲಿ ಹೊರಗಿನ ಕೋಳಿಗಳ ಸದ್ದು ಬಿಟ್ಟರೆ ಏನೂ ಇಲ್ಲ.

"ಅವ್ವ ಬಂದಳು. ಕಾಫಿ ತಂದಳು," ಎಂದಿತು ದನಿ.

"ಎರಡು," ಎಂದ ಭರತ್.

"ಕಾಫಿ ತಂದಳು."

ಭರತನ ಬೆರಳು ಮೇಜಿನ ಅಂಚನ್ನು ಹಿಡಿಯಿತು. "ಒಂದು. ಎರಡನೇದು ಮಾತ್ರ."

"ಕಾಫಿ ತಂದಳು."

"ಒಂದು."

"ಅಯ್ಯೋ," ಎಂದಳು ಸರೋಜಮ್ಮ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ. "ನನ್ನನ್ನೇ ನುಂಗಿಬಿಡ್ತಲ್ಲೋ ಇದು! ಕಾಫಿ ಮಾತ್ರ ಬಂತು!"

ಯಂತ್ರ ಮತ್ತೆ ಮತ್ತೆ ತೆರೆಯಿತು, ಕಳಿಸಿತು, ಮುಚ್ಚಿತು. ಕೆಲವು ಸಲ ಎರಡು, ಕೆಲವು ಸಲ ಒಂದು. ಒಮ್ಮೆ ಭರತ್ "ಎರಡು" ಎಂದದ್ದು ಅನುಮಾನದಲ್ಲೇ. ಸುಕನ್ಯಾಳಿಗೂ ಒಳಗೊಳಗೇ ಭಯ. ತನ್ನ ಊಹೆ ತಪ್ಪಾಗಿ, ಎರಡೂ ಸಂದೇಶ ಸರಿಯಾಗಿಯೇ ದಾಟಿವೆ ಎಂದು ಯಂತ್ರ ಹೇಳಿಬಿಟ್ಟರೆ? ತಾನೇ ಅಣ್ಣನ ಮುಂದೆ ಕಿವಿ ಹೋಗುತ್ತಿರುವ ಸಾಕ್ಷಿಯನ್ನು ತಂದು ನಿಲ್ಲಿಸಿದಂತಾಗುತ್ತದೆ.

ಯಂತ್ರ ನಿಂತಿತು. ಭರತ್ ಗುರುತುಗಳಿದ್ದ ಕಿಟಕಿಯನ್ನು ತಾನೇ ತೆರೆದು, ಮೊದಲ ಸಾಲಿಗೆ ಹೋಗಿ ಕೀಲಿ ಒತ್ತಿದ. ಅದು ಬ್ರೌಸರಿನ ಹೊರಗಿನ ಕಿಟಕಿಯಾದ್ದರಿಂದ ಅಲ್ಲಿ ಏನೂ ಬಿದ್ದುಹೋಗುವಂತಿರಲಿಲ್ಲ.

"ಎರಡು," ಎಂದಿತು ಮೂಗಿನ ದನಿ. "ಒಂದು. ಒಂದು. ಎರಡು. ಒಂದು..."

ಭರತ್ ಒಂದೊಂದು ಸಾಲಿಗೂ ನಿಂತು, ತಾನು ಹೇಳಿದ್ದನ್ನು ನೆನಪಿಸಿಕೊಂಡು, ಮುಂದಕ್ಕೆ ಹೋದ. ಮೊದಮೊದಲು ನಿಧಾನವಾಗಿ. ಆಮೇಲೆ ಬೇಗ ಬೇಗ. ಅರ್ಧ ದಾಟಿದ ಮೇಲೆ ದನಿಗಿಂತ ಮೊದಲು ಅವನೇ ಹೇಳತೊಡಗಿದ. ಒಂದೂ ತಪ್ಪಲಿಲ್ಲ. ಅನುಮಾನದಲ್ಲಿ ಹೇಳಿದ್ದೂ ಸರಿಯಾಗಿತ್ತು.

ಸಾಲುಗಳು ಮುಗಿದವು. ಅವನು ಎರಡೂ ಅಂಗೈಯಿಂದ ಕಿವಿಗಳನ್ನು ಮುಚ್ಚಿಕೊಂಡ. ಏನನ್ನೋ ಕಾಪಾಡಿಕೊಳ್ಳುವವನಂತೆ ಹಾಗೆಯೇ ಬಗ್ಗಿ ಕೂತ. ಬೆನ್ನು ಅಲುಗಾಡುತ್ತಿತ್ತು. ಸರೋಜಮ್ಮ ಎದ್ದು ಬಂದು ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಮೆಣಸಿನ ಧೂಳು ಹತ್ತಿದ ಕೈಯೆಂದು ನೆನಪಾಗಿ, ಮುಖಕ್ಕೆ ತಾಗದ ಹಾಗೆ ಬೆರಳುಗಳನ್ನು ಮೇಲಕ್ಕೆತ್ತಿ ಹಿಡಿದಿದ್ದಳು.

"ಇಷ್ಟು ದಿನ ಒಬ್ನೇ ಇಟ್ಕೊಂಡು ಕೂತಿದ್ದೆಯಲ್ಲೋ," ಎಂದಳು.

"ಹೇಳಿದ್ರೆ ನೀವೂ ಅಳ್ತಿದ್ರಿ."

"ಅಳ್ತಿದ್ವಿ. ಅದ್ರಲ್ಲೇನಾಯ್ತು?"

ಭರತ್ ಮುಖ ಒರೆಸಿಕೊಂಡು ಮೊದಲು ಮಾಡಿದ ಕೆಲಸ ಸ್ಪೀಕರಿನ ಸದ್ದು ತಗ್ಗಿಸಿದ್ದು. ಆಮೇಲೆ ಸುಕನ್ಯಾ ಹಳೆಯ ಆವೃತ್ತಿಯನ್ನು ಹುಡುಕಿ ಹಾಕಿ, ಅದೇ ಪರೀಕ್ಷೆಯನ್ನು ಅದರ ಮೇಲೂ ಓಡಿಸಿದಳು. ಅವ್ವ ಬಂದಳು, ಕಾಫಿ ತಂದಳು, ಪ್ರತಿ ಸಲವೂ ಎರಡೂ. ಸರೋಜಮ್ಮ ಅದನ್ನು ಕೇಳುತ್ತಾ ಕೇಳುತ್ತಾ ನಿಜವಾಗಿಯೂ ಕಾಫಿ ಮಾಡಲು ಎದ್ದಳು.

"ಹೇಮಾಗೆ ಏನಂತ ಬರೀಲಿ?" ಎಂದ ಭರತ್. "ಬರಿಯೋಕೆ ಹೋದ್ರೆ ಉದ್ದ ಆಗ್ತದೆ. ನಾನು ಬೇಜಾರು ಮಾಡ್ಕೊಂಡಿದ್ದೀನಿ ಅಂತ ಅವಳು ತಿಳ್ಕೊಂಡಿರ್ತಾಳೆ."

"ಫೋನ್ ಮಾಡು."

"ಫೋನಾ?"

ಆಗ ಸುಕನ್ಯಾಳಿಗೆ ಗೊತ್ತಾಯಿತು, ಅವರಿಬ್ಬರೂ ಒಮ್ಮೆಯೂ ಮಾತಾಡಿರಲಿಲ್ಲ. ಹೇಮಾ ನಂಬರು ಎಂದೋ ಕೊಟ್ಟಿದ್ದಳಂತೆ. ಭರತನಿಗೆ ಸಂಕೋಚ. ಇಷ್ಟು ದಿನ ಹೇಮಾ ಎಂದರೆ ಅವನಿಗೆ ಸ್ಕ್ರೀನ್ ರೀಡರಿನ ಆ ಮೂಗಿನ ದನಿಯೇ.

ಅವನು ಫೋನು ಹಿಡಿದು ಹಿತ್ತಲಿಗೆ ಹೋದ. ಸುಕನ್ಯಾ ಅಡುಗೆಮನೆಯ ಕಿಟಕಿಯ ಹತ್ತಿರ ಇಲ್ಲದ ಕೆಲಸ ಹುಡುಕಿಕೊಂಡು ನಿಂತಳು. ಸರೋಜಮ್ಮನೂ ಒಲೆ ಸಣ್ಣ ಮಾಡಿದಳು.

"ನಾನು... ಭರತ್. ಪೆರಿಕಲ್ಲೂರಿಂದ," ಎಂದದ್ದು ಕೇಳಿಸಿತು. ಆಮೇಲೆ ಆಚೆಯಿಂದ ಯಾರೋ ಒಂದೇ ಸಮನೆ ಮಾತಾಡುತ್ತಿರಬೇಕು. ಭರತ್ ಕಲ್ಲಿನ ಮೇಲೆ ಕೂತ. ಅವನ ಮುಖ, ಬಿಸಿಲಿಗೆ ತಿರುಗಿಸಿದ ಹಾಗೆ, ಮೆಲ್ಲಗೆ ಅರಳಿತು.

"ಇಲ್ಲ, ಇಲ್ಲ, ಕೋಪ ಅಲ್ಲ," ಎಂದ. "ಹೇಳ್ತೀನಿ. ಮೊದ್ಲು ನಿಮ್ಮಪ್ಪ ಹೆಂಗಿದ್ದಾರೆ ಹೇಳಿ."

ಸೋಮವಾರ ಮೀನಂಗಡಿಯ ಕಚೇರಿಯಲ್ಲಿ ಸುಕನ್ಯಾ ಕೆಂಪು ಸಾಲುಗಳನ್ನು ಎಲ್ಲರೂ ಚೇಟ, ಅಂದರೆ ಅಣ್ಣ, ಎಂದು ಕರೆಯುವ ತಂಡದ ಮುಖ್ಯಸ್ಥ ಶಿಬುವಿಗೆ ತೋರಿಸಿದಳು. ನಡೆದದ್ದನ್ನು ಮಲಯಾಳದಲ್ಲಿ ಹೇಳಿದಳು. ಶಿಬು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ಪರೀಕ್ಷೆಯನ್ನು ತಾನೂ ಓಡಿಸಿ ನೋಡಿದ.

"ಎಲ್ಲ ಹಸಿರು ಅಂತ ನಾನೇ ಬರೆದು ಕಳಿಸಿದ್ದೆ," ಎಂದ. "ನಮಗೆ ಕೇಳಿ ನೋಡೋ ಬುದ್ಧಿಯೇ ಬರಲಿಲ್ಲ. ಕಳಿಸು ಇವತ್ತೇ. ನಿಮ್ಮಣ್ಣ ಒಪ್ಪಿದರೆ ಅವರ ವಿಷಯವನ್ನೂ ಬರಿ. ಬರೀ ಕೆಂಪು ಗೆರೆ ನೋಡಿದರೆ ಇದು ಸಣ್ಣದು ಅಂತ ಪಕ್ಕಕ್ಕಿಡ್ತಾರೆ."

"ಒಪ್ಪಿದ್ದಾನೆ ಶಿಬು ಚೇಟ. ಹೆಸರೂ ಹಾಕು ಅಂದಿದ್ದಾನೆ."

ಆಚೆಯವರು ಪಕ್ಕಕ್ಕಿಡಲಿಲ್ಲ. ಬ್ರೌಸರ್ ಬರೆಯುವವರಲ್ಲಿ ಒಬ್ಬರು ಮಾರನೆಯ ದಿನವೇ ಉತ್ತರಿಸಿದರು. ಬೇಗ ಬೇಗ ಬಂದ ಸಂದೇಶಗಳನ್ನು ಒಟ್ಟುಗೂಡಿಸಲು ಹೊಸದಾಗಿ ಬರೆದ ಭಾಗದಲ್ಲಿ ಕೊನೆಯದು ಮಾತ್ರ ಉಳಿದುಕೊಳ್ಳುತ್ತಿತ್ತು, ಲಿನಕ್ಸಿನಲ್ಲಿ ಮಾತ್ರ. ಸರಿಪಡಿಸಿದ ಆವೃತ್ತಿ ತಿಂಗಳೊಳಗೆ ಬಂತು. ಸುಕನ್ಯಾಳ ಪರೀಕ್ಷೆ ಉಳಿದವುಗಳ ಸಾಲಿಗೆ ಸೇರಿ, ಕನ್ನಡ ಬಾರದ ಯಂತ್ರಗಳು ದಿನವೂ ಅವ್ವನನ್ನೂ ಕಾಫಿಯನ್ನೂ ಕಳಿಸತೊಡಗಿದವು. ಕಚೇರಿಯಲ್ಲಿ ಶೀಜ ಎಂಬ ಹುಡುಗಿ ಅದರ ಅರ್ಥ ಕೇಳಿ ತಿಳಿದುಕೊಂಡು, ಅವತ್ತಿನಿಂದ ಸುಕನ್ಯಾ ಬಂದ ಕೂಡಲೇ "ಅವ್ವ ಬಂದಳು" ಎನ್ನತೊಡಗಿದಳು.

ಕೋಳಿಕ್ಕೋಡಿಗೆ ಹೋಗೋಣವೆಂದು ಹೇಳಿದವನು ಭರತನೇ. "ಹೋದ ವರ್ಷ ಹೆದರಿಕೊಂಡು ತಪ್ಪಿಸ್ದೆ. ಏನಿದೆಯೋ ತಿಳ್ಕೊಳ್ಳೋಣ," ಎಂದ. ಕಿವಿಯ ಪರೀಕ್ಷೆಯ ಗಾಜಿನ ಕೋಣೆಯಲ್ಲಿ ಅವನು ತಲೆಗೆ ಹೆಡ್‌ಫೋನ್ ಹಾಕಿ ಕೂತಿದ್ದಾಗ ಸುಕನ್ಯಾ ಹೊರಗೆ ಕೂತು ಅವನ ಬೆರಳನ್ನೇ ನೋಡುತ್ತಿದ್ದಳು. ಸದ್ದು ಕೇಳಿಸಿದಾಗಲೆಲ್ಲ ಬೆರಳು ಎದ್ದು ಇಳಿಯಬೇಕು. ಬೆರಳು ಏಳುತ್ತಲೇ ಇತ್ತು. ಡಾಕ್ಟರು ಕಾಗದ ನೋಡಿ, ಹಿಂದಿನಂತೆಯೇ ಇದೆ, ಮುಂದೆ ಹೇಗೋ ಹೇಳಲಾಗದು, ಬರುವ ವರ್ಷ ತಪ್ಪಿಸಬೇಡಿ ಎಂದರು.

"ತಪ್ಪಿಸಲ್ಲ," ಎಂದ ಭರತ್.

ವಾಪಸು ಬರುವಾಗ ಬಸ್ಸು ತುಂಬಿತ್ತು. ತಾಮರಶ್ಶೇರಿ ಘಾಟಿ ಹತ್ತುವಾಗ ಎಂಜಿನ್ನಿನ ಒದ್ದಾಟ, ತಿರುವಿಗೊಮ್ಮೆ ಹಾರ್ನು, ಹಿಂದಿನ ಸೀಟಿನಲ್ಲಿ ಯಾರದೋ ಮಗುವಿನ ರಚ್ಚೆ. ಭರತ್ ಕಿಟಕಿ ಪಕ್ಕ ಕೂತು ಗಾಳಿಗೆ ಮುಖ ಕೊಟ್ಟಿದ್ದ. ಅವನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ತೆಗೆದು ಕಿವಿಗೆ ಇಟ್ಟ.

"ಹಲೋ? ಹೂಂ, ಆಯ್ತು, ಎಲ್ಲ ಚೆನ್ನಾಗಿದೆಯಂತೆ," ಎಂದ. ಆಮೇಲೆ ಇನ್ನೊಂದು ಕಿವಿಗೆ ಬೆರಳಿಟ್ಟುಕೊಂಡು, ಸುತ್ತಲಿನವರು ತಿರುಗಿ ನೋಡುವಷ್ಟು ದನಿ ಎತ್ತಿ ಕೂಗಿದ: "ಏನಂದ್ರಿ? ಕೇಳ್ಸಲಿಲ್ಲ ಹೇಮಾ, ಬಸ್ಸಿನ ಗಲಾಟೆ! ಇನ್ನೊಂದ್ಸಲ ಹೇಳಿ, ಜೋರಾಗಿ ಹೇಳಿ!"